ಬಾಣಂತಿಗೆ ಎರೆದ ನೀರು

ಹೊಸದಾಗಿ ಕೆಲಸಕ್ಕೆ ಸೇರಿದ ನರ್ಸ್ ಹುಡುಗಿಯರು ಆಗಾಗ ಗಜೇಂದ್ರಗಡದ ನನ್ನ ಮನೆಗೆ ಬರುತ್ತಾರೆ. ಚಹಾ ಕುಡಿಯುತ್ತಾ ವರ್ಗಾವಣೆ ಹೇಗೆ ಮಾಡಿಸಿಕೊಳ್ಳಬೇಕು, ಯಾವ ಊರಿಗೆ ಬಸ್ಸು ಚೆನ್ನಾಗಿದೆ, ಯಾವ ರಜಿಸ್ಟರನ್ನು ಎಷ್ಟನೇ ತಾರೀಖಿನೊಳಗೆ ಮುಗಿಸಬೇಕು ಎಂದು ಕೇಳುತ್ತಾರೆ. ಬಾಣಂತಿಯ ಮನೆಗೆ ಹೋದಾಗ ಏನು ಕೇಳಬೇಕು ಎಂದು ಇದುವರೆಗೆ ಒಬ್ಬಳೂ ಕೇಳಿಲ್ಲ. ಕೇಳದಿದ್ದರೂ ಹೇಳುತ್ತೇನೆ. ಸಿಟ್ಟಿನಿಂದಲೇ ಹೇಳುತ್ತೇನೆ. ನನಗೆ ನಿವೃತ್ತಿಯಾಗಿದೆ, ನನ್ನ ಸಿಟ್ಟಿಗೆ ಆಗಿಲ್ಲ.

ಎರಡು ಸಾವಿರದ ಇಸವಿಯಿಂದೀಚೆಗಿನ ಆ ಹತ್ತು ವರ್ಷಗಳಲ್ಲಿ ನಾನು ಶಿರೋಳ, ಮೆಣಸಗಿ, ಸೂಡಿ ಎಂದು ಮೂರು ಕಡೆ ನರ್ಸ್ ಆಗಿ ಕೆಲಸ ಮಾಡಿದೆ. ಹೆಗಲಿಗೆ ಒಂದು ಚೀಲ, ಅದರಲ್ಲಿ ಬಿ.ಪಿ. ನೋಡುವ ಯಂತ್ರ, ತೂಕದ ಕಾಟಾ, ಸೂಜಿ, ಗುಳಿಗೆ. ಎಲ್ಲಕ್ಕಿಂತ ಭಾರವಾದದ್ದು ರಜಿಸ್ಟರು. ಬಸುರಿಯ ಹೆಸರು ಬರೆದುಕೊಳ್ಳುವುದು, ತೂಕ ನೋಡುವುದು, ರಕ್ತ ಪರೀಕ್ಷೆ ಮಾಡುವುದು, ಹೆರಿಗೆಯಾದ ಮೇಲೆ ಮನೆಗೆ ಹೋಗಿ ತಾಯಿ-ಕೂಸನ್ನು ನೋಡಿ ಬರುವುದು, ಇಷ್ಟಕ್ಕೂ ಒಂದೊಂದು ಕಾಲಂ ಇತ್ತು. ಕಾಲಂ ಇಲ್ಲದ್ದು ಲೋಕದಲ್ಲೇ ಇಲ್ಲ ಎಂದು ನಂಬಿದವರು ನಮ್ಮ ಮೇಲಿನವರು.

ಶಿರೋಳದಲ್ಲಿ ಒಂದು ಮನೆ ಇತ್ತು. ಏಳು ತಿಂಗಳ ಬಸುರಿ ಸೊಸೆಯ ಕೆಳಗಿನ ಕಣ್ಣುರೆಪ್ಪೆ ಎಳೆದು ನೋಡಿದರೆ ಒಳಗೆ ಸುಣ್ಣ ಬಳಿದ ಹಾಗೆ ಬಿಳಿ. ಮೂರು ತಿಂಗಳಿಂದ ಕಬ್ಬಿಣದ ಗುಳಿಗೆ ಕೊಡುತ್ತಾ ಬಂದಿದ್ದೆ. ಪ್ರತಿ ಸಲ ಅತ್ತೆ, "ತಪ್ಪಿಲ್ಲದ ನುಂಗತಾಳ್ರಿ" ಎನ್ನುತ್ತಿದ್ದಳು. ನಾನು ಗೀಟು ಹಾಕಿಕೊಂಡು ಬರುತ್ತಿದ್ದೆ. ಒಂದು ದಿನ ನಾನು ಹೋದಾಗ ಅವರು ಜೋಳದ ಚೀಲಗಳನ್ನು ಎತ್ತಿ ಬಿಸಿಲಿಗೆ ಹಾಕುತ್ತಿದ್ದರು. ಕೊನೆಯ ಚೀಲದ ಹಿಂದೆ ಗೋಡೆಯ ಬುಡಕ್ಕೆ ನಾನು ಕೊಟ್ಟ ಗುಳಿಗೆಯ ಹಾಳೆಗಳು ಒಂದೂ ಒಡೆಯದೆ ಬಿದ್ದಿದ್ದವು.

"ಇದೇನಿದು?" ಎಂದೆ.

ಅತ್ತೆಗೆ ನಾಚಿಕೆಯೇನೂ ಆಗಲಿಲ್ಲ. "ಗುಳಿಗಿ ನುಂಗಿದ್ರ ಕೂಸು ದಪ್ಪ ಆಗತೈತ್ರಿ ಬಾಯಾರ. ಹಡ್ಯಾಕ ತ್ರಾಸ ಆಗತೈತಿ. ಅದಕ್ಕ ಅಕಿಗೆ ರೊಟ್ಟಿನೂ ಒಂದು ಕಮ್ಮಿನ ಕೊಡತೇವಿ" ಎಂದಳು.

ಹೊಲದ ಕೆಲಸದಲ್ಲಿ ರಿಯಾಯಿತಿ ಇಲ್ಲ, ರೊಟ್ಟಿಯಲ್ಲಿ ಮಾತ್ರ ಕಡಿತ. ಆ ದಿನ ನಾನು ಕಿರುಚಿದ್ದು ಪಕ್ಕದ ಓಣಿಗೂ ಕೇಳಿಸಿತಂತೆ. ಆಮೇಲೆ ಕಿರುಚುವುದನ್ನು ಬಿಟ್ಟು ಕೂತುಕೊಳ್ಳುವುದನ್ನು ಕಲಿತೆ. ಊಟದ ಹೊತ್ತಿಗೆ ಹೋಗುತ್ತಿದ್ದೆ. ಸೊಸೆ ಉಂಡ ಮೇಲೆ ನನ್ನ ಎದುರಿಗೇ ಗುಳಿಗೆ ನುಂಗಿಸುತ್ತಿದ್ದೆ. ಚಹಾದ ಜೊತೆ ನುಂಗಿದರೆ ಅದು ಮೈಗೆ ಹತ್ತುವುದಿಲ್ಲ, ಲಿಂಬೆ ಹಿಂಡಿದ ನೀರಿನ ಜೊತೆ ನುಂಗು, ಮಲ ಕಪ್ಪಗಾದರೆ ಹೆದರಬೇಡ ಎಂದು ಹೇಳುತ್ತಿದ್ದೆ. ಇದನ್ನು ತಿಂಗಳ ಮೀಟಿಂಗಿನಲ್ಲಿ ನಮ್ಮ ಆರೋಗ್ಯಾಧಿಕಾರಿ ಸಾಹೇಬರಿಗೂ ಹೇಳಿದೆ. ಅವರು ಕನ್ನಡಕದ ಮೇಲಿಂದ ನೋಡಿ, "ನೀವು ಗುಳಿಗಿ ಕೊಟ್ಟೀರಿಲ್ಲೋ? ಕೊಟ್ಟದ್ದು ಬರೀರಿ. ನುಂಗಿದ್ದಕ್ಕ ಕಾಲಂ ಇಲ್ಲ" ಎಂದರು.

ಇದೇ ಸಾಹೇಬರು, ಮಲಪ್ರಭೆ ಹೊಳೆ ತುಂಬಿ ಊರೊಳಗೆ ಬಂದ ವರ್ಷ ಮೆಣಸಗಿಗೂ ಬಂದಿದ್ದರು. ಜನ ಶಾಲೆಯಲ್ಲಿ ಉಳಿದುಕೊಂಡಿದ್ದರು. ಅವರಲ್ಲಿ ಇಬ್ಬರು ದಿನ ತುಂಬಿದ ಬಸುರಿಯರು. ಸಾಹೇಬರು ಜೀಪಿನಿಂದ ಇಳಿದು ಕೇಳಿದ ಮೊದಲ ಪ್ರಶ್ನೆ, "ರಜಿಸ್ಟರ್ ತೊಯ್ದಿಲ್ಲ ಹೌದಿಲ್ಲೋ?" ನಾನು, "ರಜಿಸ್ಟರ್ ತೊಯ್ದಾವ್ರಿ. ಬಸರ್ಯಾರು ನಿನ್ನಿಯಿಂದ ಉಂಡಿಲ್ಲ, ಅದನ್ನ ಮೊದಲು ಕೇಳ್ರಿ" ಎಂದೆ. ಆ ಉತ್ತರಕ್ಕಾಗಿ ನನಗೆ ಕಾರಣ ಕೇಳಿ ನೋಟಿಸು ಬಂತು. ಅದನ್ನು ಇನ್ನೂ ಇಟ್ಟುಕೊಂಡಿದ್ದೇನೆ. ನನ್ನ ನೌಕರಿಯಲ್ಲಿ ನನಗೆ ಸಿಕ್ಕ ಒಳ್ಳೆಯ ಸರ್ಟಿಫಿಕೇಟು ಅದೊಂದೇ.

ಬೇರೆಯವರನ್ನು ಬೈಯುವುದು ಸುಲಭ. ಈಗ ನನ್ನನ್ನೇ ಬೈದುಕೊಳ್ಳುವ ಭಾಗಕ್ಕೆ ಬರುತ್ತೇನೆ. ಇದು ಸೂಡಿಯಲ್ಲಿ, ಹೊಳೆ ಬಂದ ವರ್ಷಕ್ಕೂ ಮೊದಲು ನಡೆದದ್ದು.

ಆಗ ಹೆರಿಗೆಗಳೆಲ್ಲ ಆಸ್ಪತ್ರೆಯಲ್ಲೇ ಆಗಬೇಕು, ಸೂಲಗಿತ್ತಿಯರನ್ನು ದೂರ ಇಡಬೇಕು ಎಂದು ಮೇಲಿನಿಂದ ಒತ್ತಾಯವಿತ್ತು. ಅದು ತಪ್ಪು ಎಂದು ಇವತ್ತಿಗೂ ನಾನು ಹೇಳುವುದಿಲ್ಲ. ಕುಡಗೋಲಿನಿಂದ ಹೊಕ್ಕಳಬಳ್ಳಿ ಕೊಯ್ದು ಧನುರ್ವಾಯು ಹತ್ತಿದ ಕೂಸುಗಳನ್ನು ಕಣ್ಣಾರೆ ಕಂಡವಳು ನಾನು. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ನಾನು ಸಾಹೇಬರಿಗಿಂತ ಒಂದು ಹೆಜ್ಜೆ ಮುಂದೆ ಹೋದೆ.

ಸೂಡಿಯಲ್ಲಿ ಹುಸೇನಬಿ ಎಂಬ ಮುದುಕಿ ಇದ್ದಳು. ಗಂಡ ಪಾತ್ರೆಗೆ ಕಲಾಯಿ ಹಾಕುತ್ತಿದ್ದವನು, ತೀರಿಕೊಂಡಿದ್ದ. ಹಿಂದೂ ಮನೆಯಿರಲಿ ಮುಸಲ್ಮಾನರ ಮನೆಯಿರಲಿ, ನಲವತ್ತು ವರ್ಷದಿಂದ ಊರಿನ ಹೆರಿಗೆ ಮಾಡಿಸಿದವಳು, ಆಮೇಲೆ ದಿನಾ ಹೋಗಿ ತಾಯಿಗೂ ಕೂಸಿಗೂ ಎಣ್ಣೆ ಹಚ್ಚಿ ನೀರು ಎರೆಯುವವಳು ಅವಳೇ. ನಾನು ಮನೆಮನೆಗೆ ಹೋಗಿ ಹೇಳಿದೆ: ಹುಸೇನಬಿಯ ಕೈ ಹೊಲಸು, ಅವಳನ್ನು ಹೆರಿಗೆಗೂ ಕರೆಯಬೇಡಿ, ಬಾಣಂತನಕ್ಕೂ ಕರೆಯಬೇಡಿ. ಒಂದು ಮನೆಯಲ್ಲಿ ಅವಳ ಎದುರಿಗೇ ಹೇಳಿದೆ.

ಅವಳು ಜಗಳಕ್ಕೆ ಬರಲಿಲ್ಲ. ಹೊರಗೆ ಬಂದು ನನ್ನನ್ನು ನಿಲ್ಲಿಸಿ, "ಹಡಸೂದು ಬಿಡತೇನ್ರಿ ಬಾಯಾರ. ನೀವು ಕಲ್ತವರು, ನಿಮ್ಮ ಮಾತು ಖರೇ ಇರಬೇಕು. ಎರಿಯೂದು ಒಂದ ಬಿಡಸಬ್ಯಾಡ್ರಿ" ಎಂದಳು.

ಎರೆದಿದ್ದಕ್ಕೆ ಸಿಗುವ ಸೀರೆ, ಸೇರು ಜೋಳ ತಪ್ಪುತ್ತದೆಂದು ಬೇಡುತ್ತಿದ್ದಾಳೆ ಎಂದುಕೊಂಡೆ. "ಎರಡೂ ಬಂದ್" ಎಂದೆ. ಅವಳು ಏನೋ ಹೇಳಲು ಬಾಯಿ ತೆರೆದು, ಸುತ್ತ ನೋಡಿ, ಹೊರಟುಹೋದಳು.

ಅದೇ ಬೇಸಿಗೆಯಲ್ಲಿ ನರಗುಂದಕ್ಕೆ ಕೊಟ್ಟಿದ್ದ ರೇಣುಕಾ ಚೊಚ್ಚಲ ಹೆರಿಗೆಗೆ ಸೂಡಿಯ ತವರಿಗೆ ಬಂದಳು. ಇಪ್ಪತ್ತರ ಹುಡುಗಿ. ತಾಯಿ ಗೌರವ್ವನಿಗೆ ಇವಳೊಬ್ಬಳೇ ಮಗಳು. ನಾನು ಹೇಳಿದ್ದನ್ನು ಗೌರವ್ವ ಒಂದೂ ಮೀರಲಿಲ್ಲ. ಗುಳಿಗೆ ನುಂಗಿಸಿದಳು, ಸೊಪ್ಪು ಕಾಳು ತಿನ್ನಿಸಿದಳು, ಮಧ್ಯಾಹ್ನ ಮಲಗಿಸಿದಳು, ನೋವು ಶುರುವಾದ ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಹೆಣ್ಣು ಕೂಸು, ಒಳ್ಳೆಯ ತೂಕ. ಎಲ್ಲಕ್ಕಿಂತ ಹೆಚ್ಚಾಗಿ, ಹುಸೇನಬಿಯನ್ನು ಹೊಸ್ತಿಲು ದಾಟಿಸಲಿಲ್ಲ. ನೀರೆರೆಯಲು ತನ್ನ ನಾದಿನಿಯನ್ನು ಕರೆಸಿಕೊಂಡಳು. ಇಂಥ ಮನೆ ಊರಿಗೊಂದಿದ್ದರೆ ಸಾಕು ಎಂದು ಎಲ್ಲರ ಮುಂದೆ ಹೊಗಳಿಕೊಂಡು ಓಡಾಡಿದೆ.

ಹೆರಿಗೆಯಾದ ಮೂರನೆಯ ದಿನ ನೋಡಲು ಹೋದೆ. ಒಳಕೋಣೆಯ ಕಿಟಕಿ ಮುಚ್ಚಿತ್ತು. ಹೊರಸಿನ ಕೆಳಗೆ ಕೆಂಡದ ಶೇಗಡಿ. ರೇಣುಕಾಳ ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿ, ಕಿವಿಗೆ ಅರಳೆ ತುರುಕಿದ್ದರು. ಹೊರಗೆ ಸೂಡಿಯ ಬೇಸಿಗೆ ಅಂದರೆ ಕಲ್ಲು ಸಿಡಿಯುವ ಬಿಸಿಲು, ಒಳಗೆ ಕೆಂಡ. ನಾನು ಶೇಗಡಿ ತೆಗೆಸಿದೆ. ಬಿ.ಪಿ. ನೋಡಿದೆ, ಜ್ವರ ನೋಡಿದೆ, ರಕ್ತಸ್ರಾವ ಎಷ್ಟಿದೆ ಎಂದು ಕೇಳಿದೆ, ಕೂಸು ಹಾಲು ಕುಡಿಯುವುದನ್ನು ನೋಡಿದೆ. ಏನು ಊಟ ಕೊಡುತ್ತೀರಿ ಎಂದರೆ ಗೌರವ್ವ ಹೆಮ್ಮೆಯಿಂದ ಒಂದೊಂದಾಗಿ ಹೇಳಿದಳು: ಬೆಳ್ಳುಳ್ಳಿ ಕಾಸಿದ ತುಪ್ಪ, ಬಿಸಿ ಅನ್ನ, ಅಳವಿ ಪಾಯಸ, ಅಂಟಿನ ಉಂಡಿ. ಎಲ್ಲ ಬರೆದುಕೊಂಡೆ.

ಎದ್ದಾಗ ರೇಣುಕಾ, "ಬಾಯಾರ..." ಎಂದಳು. ತಾಯಿಯ ಕಡೆ ನೋಡಿದಳು. ಆಮೇಲೆ ಗೋಡೆಯ ಕಡೆ ಹೊರಳಿದಳು. ನನಗೆ ಬಸ್ಸಿನ ಹೊತ್ತಾಗಿತ್ತು. ಏನವ್ವಾ ಎಂದು ನಾನು ಕೇಳಲಿಲ್ಲ. ನನ್ನ ಇಡೀ ನೌಕರಿಯಲ್ಲಿ ತಪ್ಪಿದ ಬಸ್ಸುಗಳು ಎಷ್ಟೋ. ಅವತ್ತು ಒಂದು ತಪ್ಪಬೇಕಾಗಿತ್ತು, ತಪ್ಪಲಿಲ್ಲ.

ಏಳನೆಯ ದಿನ ಹೋದರೆ ಹುಡುಗಿಯ ಗುರುತೇ ಹತ್ತಲಿಲ್ಲ. ಮೈ ಕೆಂಡ. ತುಟಿ ಒಡೆದು ರಕ್ತ ಒಸರಿತ್ತು. ನಾಲಗೆ ಮುಟ್ಟಿ ನೋಡಿದೆ, ಕಟ್ಟಿಗೆಯ ಹಾಗೆ ಒಣಗಿತ್ತು. ಎದೆಹಾಲು ಬತ್ತಿದೆ ಎಂದು ಕೂಸಿಗೆ ಬಾಟಲಿಯಲ್ಲಿ ಆಕಳ ಹಾಲು ಹಾಕುತ್ತಿದ್ದರು.

"ಒಂದಕ್ಕ ಹೋದ್ರ ಉರಿತೈತ್ರಿ" ಎಂದಳು ರೇಣುಕಾ ಮೆಲ್ಲಗೆ. "ನಿನ್ನಿ ಸಂಜಿಯಿಂದ ಒಂದ ಸಲ ಹೋಗೇನಿ."

ನಂಜು ಏರಿರಬೇಕು ಎಂದುಕೊಂಡೆ. ಜ್ವರದ ಗುಳಿಗೆ ಕೊಟ್ಟು, "ನೀರಿನ ಜೊತೆ ನುಂಗಿಸ್ರಿ, ನಾನು ಗಾಡಿ ನೋಡಿ ಬರ್ತೀನಿ, ದವಾಖಾನಿಗೆ ಒಯ್ಯೂಣು" ಎಂದೆ. ಗೌರವ್ವ ಒಂದು ಚಮಚೆ ಬಿಸಿನೀರು ತಂದಳು. ಕುಡಿಯುವ ಲೋಟವಲ್ಲ, ಚಮಚೆ. ಅದನ್ನು ನೋಡಿಯೂ ನನ್ನ ತಲೆಗೆ ಹೊಳೆಯಲಿಲ್ಲ.

ಕರೆದರೆ ಬರುವ ಆಂಬುಲೆನ್ಸು ನಮ್ಮ ಕಡೆಗೆ ಇನ್ನೂ ಬಂದಿರಲಿಲ್ಲ. ಟೆಂಪೊ ಇದ್ದವರ ಮನೆಗೆ ಓಡುತ್ತಿದ್ದೆ. ಓಣಿಯ ತಿರುವಿನಲ್ಲಿ ಹುಸೇನಬಿ ಅಡ್ಡ ನಿಂತಳು. ಅವಳಿಗೆ ಸುದ್ದಿ ಮುಟ್ಟಿತ್ತು.

"ಬಾಯಾರ, ಆ ಹುಡುಗಿಗೆ ನೀರು ಯಾರು ಕೊಡಾಕತ್ತಾರ?" ಎಂದಳು.

"ಯಾರು ಅಂದ್ರ? ಅವರ ಅವ್ವ ಇದ್ದಾಳಲ್ಲ."

"ಅವ್ವ ಕೊಡಾಂಗಿಲ್ರಿ. ಈ ಊರಾಗ ಯಾವ ಅವ್ವನೂ ಕೊಡಾಂಗಿಲ್ಲ. ಬಾಣಂತಿ ನೀರು ಕುಡದ್ರ ಹೊಟ್ಟಿ ಬರತೈತಿ, ಕೂಸಿಗೆ ಥಂಡಿ ಆಗತೈತಿ ಅಂತ ಇಪ್ಪತ್ತೊಂದು ದಿನ ಗಂಟಲ ಒಣಗಸ್ತಾರ. ಅರ್ಧ ಕಪ್ಪು ಚಹಾ, ಎರಡ ಗುಟುಕು ಬಿಸಿನೀರು, ಅಷ್ಟ."

"ಹಂಗಾದ್ರ ಇಷ್ಟು ದಿನ ಈ ಊರಿನ ಬಾಣಂತ್ಯಾರು ಹ್ಯಾಂಗ ಬದುಕಿದ್ರು?"

ಹುಸೇನಬಿ ನನ್ನ ಮುಖವನ್ನೇ ನೋಡಿದಳು. "ಬಚ್ಚಲದಾಗ ಕುಡೀತಿದ್ರು. ನಾ ಕುಡಸ್ತಿದ್ದೆ. ಎರದು ಮುಗಿಯೂ ಮುಂದ ಎರಡು ತಂಬಿಗಿ ನೀರು ಹದಾ ಬೆಚ್ಚಗ ಮಾಡಿ, ಮುಖಕ್ಕ ಹೊಯ್ದಂಗ ಮಾಡಿ ಸಾವಕಾಶ ಬಾಯಿಗೆ ಬಿಡತಿದ್ದೆ. ಬಾಗಲಾ ಮುಚ್ಚಿರತೈತಿ, ನೀರಿನ ಸಪ್ಪಳ ಇರತೈತಿ, ಯಾರಿಗಿ ಗೊತ್ತಾಗಬೇಕು? ಅದಕ್ಕ ನಿಮಗ ಹೇಳಿದ್ದೆ, ಎರಿಯೂದು ಬಿಡಸಬ್ಯಾಡ್ರಿ ಅಂತ."

ನನಗೆ ಮಕ್ಕಳಾಗಲಿಲ್ಲ, ಹಾಗಾಗಿ ಬಾಣಂತಿಯ ಬಚ್ಚಲಿನ ಗುಟ್ಟು ನನಗೆ ತಿಳಿದಿರಲಿಲ್ಲ. ಬಾಣಂತಿಗೆ ನೀರು ಕಡಿಮೆ ಕೊಡುತ್ತಾರೆಂದು ಗೊತ್ತಿತ್ತು. ಎಷ್ಟು ಕಡಿಮೆ ಎಂದು ಒಬ್ಬ ಬಾಣಂತಿಯನ್ನೂ ನಾನು ಕೇಳಿರಲಿಲ್ಲ. ಊರಿನ ಹೆಂಗಸರಿಗೆ ಇದ್ದ ಒಂದೇ ಒಂದು ನೀರಿನ ದಾರಿಯನ್ನು ನಾನು ಶುದ್ಧಿಯ ಹೆಸರಿನಲ್ಲಿ ಮುಚ್ಚಿ, ಬೀಗ ಹಾಕಿ, ಅದಕ್ಕಾಗಿ ಹೊಗಳಿಸಿಕೊಂಡಿದ್ದೆ.

ಟೆಂಪೊ ತರಲು ಒಬ್ಬರನ್ನು ಅಟ್ಟಿ, ಹುಸೇನಬಿಯ ಕೈ ಹಿಡಿದುಕೊಂಡು ಗೌರವ್ವನ ಮನೆಗೆ ಬಂದೆ. ಪಡಸಾಲೆಯ ಪಕ್ಕದಲ್ಲಿ ಮೊನ್ನೆಯಷ್ಟೇ ಈದ ಎಮ್ಮೆ ಕಟ್ಟಿತ್ತು. ಅದರ ಮುಂದೆ ಕಲ್ಲಿನ ಬಾನಿಯ ತುಂಬ ನೀರು.

"ಗೌರವ್ವಾ, ರೇಣುಕಾಗ ದಿನಕ್ಕ ಎಷ್ಟು ನೀರು ಕೊಡ್ತೀರಿ?" ಎಂದೆ.

"ಬಾಣಂತಿಗೆ ನೀರು ಯಾರು ಕೊಡ್ತಾರ್ರಿ?"

"ಎಮ್ಮಿಗೆ ಬಾನಿ ತುಂಬ ಇಟ್ಟೀರಲ್ಲ! ಎಮ್ಮಿ ಈದೈತಿ, ಅದು ಹಾಲು ಕೊಡಬೇಕು ಅಂತ ನಿಮಗ ಗೊತ್ತೈತಿ. ನಿಮ್ಮ ಮಗಳು ಕಲ್ಲಿನಿಂದ ಹಾಲು ಕರೀಬೇಕೇನು?"

ಗೌರವ್ವನ ಕಣ್ಣಲ್ಲಿ ನೀರು ಬಂತು. ಆದರೆ ಅವಳು ಬಗ್ಗಲಿಲ್ಲ. "ನಾ ಅಕಿನ್ನ ಕೊಲ್ಲಾಕ ಹೊಂಟೇನೇನ್ರಿ? ಒಬ್ಬಾಕಿ ಮಗಳು. ನೀವು ಹೇಳಿದ್ದೆಲ್ಲಾ ಮಾಡೇನಿ. ಇದು ನಮ್ಮ ಹಿರ್ಯಾರು ಮಾಡಿದ್ದು. ನಮ್ಮವ್ವ ನನಗ ನೀರು ಕೊಟ್ಟಿಲ್ಲ. ನಾ ಬದುಕಿಲ್ಲೇನು?"

ಹುಸೇನಬಿ ಹೊಸ್ತಿಲ ಹೊರಗೇ ನಿಂತಿದ್ದಳು. ಒಳಗೆ ಬರಲಿಲ್ಲ. ಅಲ್ಲಿಂದಲೇ ಕೇಳಿದಳು: "ಗೌರವ್ವಾ, ನಿನಗ ಎರದಾಕಿ ಯಾರು?"

ಗೌರವ್ವ ಒಳಕೋಣೆಯ ಕಡೆ ತಿರುಗಿದಳು.

"ನೆನಪ ಮಾಡಿಕೋ. ಬಚ್ಚಲದಾಗ ನನ್ನ ಮೊಣಕಾಲ ಹಿಡಕೊಂಡು ಬಾಯಿ ತಗದಾಕಿ ಯಾರು? ಇನ್ನೊಂದು ತಂಬಿಗಿ, ಇನ್ನೊಂದು ತಂಬಿಗಿ ಅಂದಾಕಿ ಯಾರು?"

ಒಳಗೆ ಕೂಸು ಅಳುತ್ತಿತ್ತು. ನೀರೆರೆಯಲು ಬಂದಿದ್ದ ನಾದಿನಿ ತಲೆ ತಗ್ಗಿಸಿ ಸೆರಗಿನ ಅಂಚು ಹಿಂಡುತ್ತಿದ್ದಳು. ಅವಳಿಗೆ ಮೂರು ಹೆರಿಗೆಗಳಾಗಿದ್ದವು. ಅವಳಿಗೂ ಯಾರೋ ಒಬ್ಬಳು ಎರೆದಿದ್ದಳು. ಪ್ರತಿಯೊಬ್ಬ ಬಾಣಂತಿಯೂ ತಾನೊಬ್ಬಳೇ ಕದ್ದು ಕುಡಿದೆ, ತಾನೊಬ್ಬಳೇ ತಪ್ಪು ಮಾಡಿದೆ ಎಂದು ಬಾಯಿ ಮುಚ್ಚಿಕೊಂಡಿದ್ದಾಳೆ. ಮುಂದೆ ತನ್ನ ಮಗಳ ಬಾಣಂತನ ಮಾಡುವಾಗ, ತಾನು ನೀರಿಲ್ಲದೆ ಬದುಕಿದೆ ಎಂದು ಹೇಳಿದ್ದಾಳೆ. ಇಡೀ ಊರು ನಂಬಿಕೊಂಡು ಬಂದ ಪದ್ಧತಿ ನಿಂತದ್ದು ಈ ಸುಳ್ಳಿನ ಮೇಲೆ. ನನ್ನ ಮೈ ಉರಿದುಹೋಯಿತು. ಯಾರ ಮೇಲೆ ಸಿಟ್ಟು ಮಾಡಬೇಕೆಂದೂ ತಿಳಿಯಲಿಲ್ಲ.

ಗೌರವ್ವ ಅಡುಗೆಮನೆಗೆ ಹೋದಳು. ಕೊಡದಿಂದ ತಂಬಿಗೆ ತುಂಬಿ ತಂದಳು. ಮಗಳ ತಲೆಯನ್ನು ತೋಳಿನ ಮೇಲೆ ಇಟ್ಟುಕೊಂಡು, "ಕುಡಿಯವಾ, ಕುಡಿ" ಎಂದಳು. ರೇಣುಕಾ ಎರಡೂ ಕೈಯಿಂದ ತಂಬಿಗೆಯನ್ನು ಹಿಡಿದ ರೀತಿಯನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಮೊದಲ ಗುಟುಕಿಗೆ ಕೆಮ್ಮಿದಳು. ಸಾವಕಾಶವಾಗಿ ಕುಡಿ ಎಂದೆ. ಅವಳಿಗೆ ಕೇಳಿಸಲಿಲ್ಲ.

ಆಸ್ಪತ್ರೆಯಲ್ಲಿ ಐದು ದಿನ ಇಟ್ಟುಕೊಂಡರು. ಮೂತ್ರದ ಸೋಂಕು, ಮೈಯಲ್ಲಿ ನೀರಿಲ್ಲ. ಇನ್ನೆರಡು ದಿನ ಬಿಟ್ಟಿದ್ದರೆ ಮೂತ್ರಪಿಂಡ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ನನ್ನನ್ನೇ ಗದರಿದರು. ಗದರಿದ್ದು ಸರಿ. ಸಲೈನು, ಔಷಧಿ, ಹೊಟ್ಟೆ ತುಂಬ ನೀರು, ಕೂಸನ್ನು ಮತ್ತೆ ಮತ್ತೆ ಎದೆಗೆ ಹಚ್ಚುವುದು, ಹೀಗೆ ನಾಲ್ಕನೆಯ ದಿನಕ್ಕೆ ಹಾಲು ತಿರುಗಿ ಬಂತು. ಬಾಟಲಿಯನ್ನು ಗೌರವ್ವ ತಾನೇ ಎಸೆದಳು.

ತಿಂಗಳ ಮೀಟಿಂಗಿನಲ್ಲಿ ನಾನು ಎದ್ದು ನಿಂತು ನಡೆದದ್ದನ್ನೆಲ್ಲ ಹೇಳಿದೆ. ನನ್ನ ತಪ್ಪನ್ನೂ ಹೇಳಿದೆ. ಬಾಣಂತಿಯ ಮನೆಗೆ ಹೋದ ಪ್ರತಿಯೊಬ್ಬ ನರ್ಸೂ ಆಕೆ ಎಷ್ಟು ನೀರು ಕುಡಿದಳು, ಎಷ್ಟು ಸಲ ಮೂತ್ರಕ್ಕೆ ಹೋದಳು ಎಂದು ಕೇಳಬೇಕು, ಅದೂ ಮನೆಯವರನ್ನು ಹೊರಗೆ ಕಳಿಸಿ ಆಕೆಯನ್ನೇ ಕೇಳಬೇಕು ಎಂದೆ. ಸಾಹೇಬರು ಕೇಳಿದ್ದು ಒಂದೇ ಮಾತು: "ಆ ಸೂಲಗಿತ್ತಿ ಇನ್ನೂ ಮನಿಗಳಿಗೆ ಅಡ್ಡಾಡತಾಳೇನು? ಅಕಿ ಹೆಸರು ಬರದು ಕೊಡ್ರಿ." ನಾನು ಬರೆದು ಕೊಡಲಿಲ್ಲ. ಅವತ್ತು ಬಾಯಿಗೆ ಬಂದ ಮಾತನ್ನು ಇಲ್ಲಿ ಬರೆಯುವಂತಿಲ್ಲ.

ಮರುದಿನ ಹುಸೇನಬಿಯ ಮನೆಗೆ ಹೋದೆ. ಬಾಗಿಲಲ್ಲಿ ಕೂತು ಕೌದಿಗೆ ಹೊಲಿಗೆ ಹಾಕುತ್ತಿದ್ದಳು. ನಾನು ಅವಳ ಎದುರಿಗೆ ನೆಲದ ಮೇಲೆ ಕೂತೆ. ತಪ್ಪಾಯಿತು ಅಮ್ಮಾ, ನಾಳೆಯಿಂದ ರೇಣುಕಾಳಿಗೆ ನೀನೇ ಎರೆಯಬೇಕು, ನಾನೇ ಊರಿಗೆಲ್ಲ ಹೇಳುತ್ತೇನೆ ಎಂದೆ. ಅವಳು ಸೂಜಿ ಕೆಳಗಿಟ್ಟು ಎರಡೂ ಅಂಗೈಗಳನ್ನು ನನ್ನ ಮುಂದೆ ಚಾಚಿದಳು.

"ಕೈ ಹೊಲಸಂತ ಹೇಳಿದ್ರಲ್ಲ. ನೋಡ್ರಿ ಮೊದಲ."

ನಾನು ನೋಡಿದೆ. ನಲವತ್ತು ವರ್ಷ ಸುಡುವ ನೀರು ಹೊಯ್ದು ಹೊಯ್ದು ಅಂಗೈ ಬೆಂದು ಸುಲಿದು ಬೆಳ್ಳಗಾಗಿತ್ತು. ಉಗುರನ್ನು ಬುಡದವರೆಗೆ ಕತ್ತರಿಸಿಕೊಂಡಿದ್ದಳು.

"ನಾ ಬರೂದಿಲ್ರಿ" ಎಂದಳು.

"ಸಿಟ್ಟು ಇನ್ನೂ ಹೋಗಿಲ್ಲೇನಮ್ಮಾ?"

"ಸಿಟ್ಟಲ್ರಿ. ಸಾಕಾಗೇತಿ. ನನ್ನ ಕರಕೊಂಡು ಹೋದ್ರ ಮತ್ತ ಬಾಗಲಾ ಮುಚ್ಚಿ, ಮತ್ತ ಕದ್ದು ಕುಡಸಬೇಕು. ಬ್ಯಾಡ. ನೀವು ಹೋಗಿ ಎಲ್ಲಾರ ಎದುರಿಗೆ ತಂಬಿಗಿ ತುಂಬಿ ಕೊಡ್ರಿ. ಹಡದ ಹೆಣಮಗಳಿಗೆ ನಲವತ್ತು ವರ್ಷ ಅಕಿ ಮನಿ ನೀರು ಅಕಿಗೇ ಕದ್ದು ಕುಡಿಸೇನಿ, ಬಾಯಾರ. ಇನ್ನ ನನ್ನ ಕಡಿಂದ ಆಗೂದಿಲ್ಲ."